ಪುಟ್ಟ ಮಕ್ಕಳ ಕಥಾ ಸಮಯ: ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ನಡೆಸುವುದು ಹೇಗೆ?

ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನಮ್ಮ ಸುತ್ತಮುತ್ತ ಐದು ವರ್ಷದೊಳಗಿನ ಮಕ್ಕಳು ತುಂಬಾ ಇದ್ದಾರೆ. ವಾರಕ್ಕೊಮ್ಮೆ ಅವರನ್ನು ಸೇರಿಸಿ ಕಥೆ ಹೇಳಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?" ಅದರ ಬೆನ್ನಿಗೇ ಇನ್ನೊಂದು: "ಇನ್ನೂ ಮಾತೇ ಬಾರದ ಪಾಪುವಿಗೆ ಕಥೆ ಹೇಳಿ ಏನು ಉಪಯೋಗ?" ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ವಾರಕ್ಕೆ ಅರ್ಧ ಗಂಟೆ ನೀವು ಎಷ್ಟೇ ಚೆನ್ನಾಗಿ ಕಥೆ ಹೇಳಿದರೂ ಅದೊಂದರಿಂದಲೇ ಮಗುವಿನ ಮಾತು ಬೆಳೆಯುವುದಿಲ್ಲ. ಉಳಿದ ವಾರವೆಲ್ಲ ಮಗು ಯಾರ ಜೊತೆ ಇರುತ್ತದೋ ಅವರ ಮಾತಿನಿಂದ ಬೆಳೆಯುತ್ತದೆ. ಹಾಗಾಗಿ ಕಥೆ ಮಗುವಿಗೆ, ಕಲಿಕೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡವರಿಗೆ. ಮನೆಗೆ ಹೋದ ಮೇಲೆ ಅವರು ಅದನ್ನೇ ಮಾಡುವಂತಾಗಬೇಕು. ಜಾಗ, ಪುಸ್ತಕ, ಹಾಡು ಏನನ್ನೇ ಆರಿಸುವಾಗಲೂ ಈ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನೋಡಿದ ಅಪ್ಪ ಅಥವಾ ಅಮ್ಮ ಮನೆಯಲ್ಲಿ ಮಾಡಬಲ್ಲರಾ?

ಮಾತು ಬಾರದ ಮಗುವಿನ ವಿಚಾರಕ್ಕೆ ಬರೋಣ. ಹೊಟ್ಟೆಯಲ್ಲಿರುವಾಗಲೇ, ಕೊನೆಯ ತಿಂಗಳುಗಳಲ್ಲಿ, ಮಗುವಿಗೆ ತಾಯಿಯ ದನಿ ಕೇಳಿಸುತ್ತದೆ. 1986ರಲ್ಲಿ ಪ್ರಕಟವಾದ ಡಿಕಾಸ್ಪರ್ ಮತ್ತು ಸ್ಪೆನ್ಸ್ ಅವರ ಅಧ್ಯಯನದಲ್ಲಿ ಗರ್ಭಿಣಿಯರು ಕೊನೆಯ ಆರು ವಾರ ಒಂದೇ ಕಥೆಯನ್ನು ದಿನಾ ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಆ ಶಿಶುಗಳು ಹೊಸ ಕಥೆಗಿಂತ ಆ ಹಳೆಯ ಕಥೆಯ ಕಡೆಗೇ ಒಲವು ತೋರಿಸಿದವು. ಕಥೆ ಅರ್ಥವಾಗಿತ್ತು ಅಂತಲ್ಲ, ಅದರ ಲಯ ಪರಿಚಯವಾಗಿತ್ತು. ಪುಟ್ಟ ಮಕ್ಕಳಿಗೆ ಕಥೆ ಮೊದಲು ಸೇರುವುದು ಹೀಗೆ, ದನಿಯಾಗಿ. ಅರ್ಥ ನಿಧಾನವಾಗಿ ಹಿಂದೆ ಬರುತ್ತದೆ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಇಪ್ಪತ್ತು ಜನ ನೆಲದ ಮೇಲೆ ಕೂರಬಹುದಾದ ಶುಚಿಯಾದ ಜಾಗ, ಹಾಸಲು ಒಂದು ಚಾಪೆ, ನಾಲ್ಕೈದು ಒಳ್ಳೆಯ ಚಿತ್ರಪುಸ್ತಕ, ನಿಮಗೆ ಬಾಯಿಪಾಠ ಬರುವ ಕೆಲವು ಶಿಶುಗೀತೆ. ಜೊತೆಗೆ ಬಾಗಿಲ ಬಳಿ ನಿಂತು ಬಂದವರನ್ನು ಮಾತಾಡಿಸುವ ಇನ್ನೊಬ್ಬರು. ಈ ಇನ್ನೊಬ್ಬರು ಖಂಡಿತ ಬೇಕು. ಒಬ್ಬರೇ ಎಲ್ಲ ಮಾಡಲು ಹೋದರೆ ಕಥೆಯೂ ಕೆಡುತ್ತದೆ, ಹೊಸಬರೂ ಮೂಲೆಯಲ್ಲಿ ಉಳಿದುಬಿಡುತ್ತಾರೆ. ಬೊಂಬೆ, ವೇಷ, ಮೈಕು, ಅಲಂಕಾರ ಇಲ್ಲದಿದ್ದರೂ ನಡೆಯುತ್ತದೆ. ಅಲಂಕಾರ ಹೆಚ್ಚಾದಷ್ಟೂ ಅಪ್ಪ ಅಮ್ಮಂದಿರಿಗೆ "ಇದೆಲ್ಲ ನಮ್ಮ ಕೈಲಾಗಲ್ಲ" ಅನ್ನಿಸಲು ಶುರುವಾಗುತ್ತದೆ.

1. ಯಾವ ವಯಸ್ಸಿನವರಿಗೆ ಅಂತ ಮೊದಲು ತೀರ್ಮಾನಿಸಿ

ಐದು ವರ್ಷದೊಳಗೆ ಒಂದೊಂದು ವರ್ಷಕ್ಕೂ ಮಗು ಬೇರೆಯೇ ಆಗುತ್ತದೆ. ಸಾಧ್ಯವಾದರೆ ಮೂರು ಗುಂಪು ಮಾಡಿ.

ಒಂದೂವರೆ ವರ್ಷದವರೆಗಿನವರಿಗೆ ಮಡಿಲ ಕಥಾ ಸಮಯ. ಪ್ರತಿ ಮಗುವೂ ತನ್ನವರ ಮಡಿಲಲ್ಲೇ ಇರುತ್ತದೆ. ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಹಾಡು, ತಟ್ಟುವುದು, ತೂಗುವುದು ಹೆಚ್ಚು, ಪುಸ್ತಕ ಒಂದೋ ಎರಡೋ. ಹೊಸದಾಗಿ ಹುಟ್ಟಿದ ಮಗುವಿಗೆ 20ರಿಂದ 30 ಸೆಂ.ಮೀ. ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ, ಅಂದರೆ ಎತ್ತಿಕೊಂಡವರ ಮುಖ. ನೀವು ದೂರದಲ್ಲಿ ಹಿಡಿದ ಪುಸ್ತಕ ಅದಕ್ಕೆ ಮಸುಕು. ಆದ್ದರಿಂದ ಇಲ್ಲಿ ನೀವು ಹೇಳಿಕೊಡುವವರು ಮಾತ್ರ. ಹಾಡಬೇಕಾದವರು ಎತ್ತಿಕೊಂಡವರು.

ಒಂದೂವರೆಯಿಂದ ಮೂರು ವರ್ಷದವರು ಓಡಾಡುವವರು. ಇವರಿಗೆ ಇಪ್ಪತ್ತೈದು ನಿಮಿಷ. ಕಥೆ ಚಿಕ್ಕದು, ನಡುನಡುವೆ ಎದ್ದು ಕುಣಿಯುವ ಅವಕಾಶ ಬೇಕೇ ಬೇಕು.

ಮೂರರಿಂದ ಐದು ವರ್ಷದವರು ಅರ್ಧ ಗಂಟೆಗಿಂತ ತುಸು ಹೆಚ್ಚೇ ಕೂರಬಲ್ಲರು. ಮುಂದೇನಾಗುತ್ತದೆ ಅಂತ ಊಹಿಸಬಲ್ಲರು, ಕಥೆಯನ್ನು ಮತ್ತೆ ಹೇಳಬಲ್ಲರು.

ಮಕ್ಕಳ ಸಂಖ್ಯೆ ಕಡಿಮೆ ಅಂತ ಎಲ್ಲರನ್ನೂ ಒಟ್ಟಿಗೆ ಸೇರಿಸಬೇಕಾದರೆ ಚಿಕ್ಕವರ ಗಡಿಯಾರವನ್ನೇ ಹಿಡಿಯಿರಿ. ದೊಡ್ಡ ಮಕ್ಕಳಿಗೆ ಪುಟ ತಿರುಗಿಸುವ, ಹಾಡು ಶುರು ಮಾಡುವ ಕೆಲಸ ಕೊಡಿ. ಇನ್ನೊಂದು ಮಾತು: ಅಣ್ಣ ಅಕ್ಕಂದಿರು ಜೊತೆಗೆ ಬಂದರೆ ಬೇಡ ಅನ್ನಬೇಡಿ. ಬೇಡ ಅಂದರೆ ಅವರ ಅಮ್ಮನೂ ಬರುವುದಿಲ್ಲ.

2. ಜಾಗ ಮತ್ತು ಹೊತ್ತು

ಲೈಬ್ರರಿ, ಸಮುದಾಯ ಭವನ, ಶಾಲೆಯ ಖಾಲಿ ಕೊಠಡಿ, ಯಾವುದಾದರೂ ಆದೀತು. ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ಪುಟ್ಟ ಮಕ್ಕಳು ನಿದ್ದೆ ಮಾಡುವ ಹೊತ್ತು, ಹಸಿಯುವ ಹೊತ್ತು ಬಿಟ್ಟು ಇಡಿ. ಹೊರಗೆ ಕೆಲಸಕ್ಕೆ ಹೋಗುವವರಿಗಾಗಿ ತಿಂಗಳಿಗೊಂದಾದರೂ ರಜಾದಿನದ ಕಥಾ ಸಮಯ ಇರಲಿ. ಅಪ್ಪಂದಿರು ಹೆಚ್ಚಾಗಿ ಬರುವುದು ಆಗಲೇ.

ಜಾಗ ನೋಡುವಾಗ ನೆಲಕ್ಕೆ ಕೂತು ಮಗುವಿನ ಕಣ್ಣಿನ ಎತ್ತರದಿಂದ ಸುತ್ತ ನೋಡಿ. ಪ್ಲಗ್ ಪಾಯಿಂಟು, ಚೂಪು ಮೂಲೆ, ಎಳೆದರೆ ಬೀಳುವ ಕಪಾಟು ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಮೂರು ವರ್ಷದೊಳಗಿನವರ ಕೈಗೆ ಮಣಿ, ಬೀಜ, ಗುಂಡಿ ತುಂಬಿದ ಗಿಲಕಿ ಕೊಡುವಾಗ ಅದು ಒಡೆಯುವಂತಿಲ್ಲವೇ ನೋಡಿಕೊಳ್ಳಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ತೂರುವಂಥ ಯಾವ ವಸ್ತುವೂ ಆ ವಯಸ್ಸಿನವರ ಕೈಗೆ ಸಿಗಬಾರದು. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಆಟಿಕೆಗಳನ್ನು ಕಥೆ ಮುಗಿಯುವವರೆಗೆ ಬಟ್ಟೆ ಹೊದಿಸಿ ಮುಚ್ಚಿಡಿ. ಕಣ್ಣೆದುರು ಆಟಿಕೆ ಇದ್ದರೆ ಯಾವ ಕಥೆಯೂ ಗೆಲ್ಲುವುದಿಲ್ಲ.

3. ಪುಸ್ತಕ ಆರಿಸುವುದು

ಪಾಪುಗಳಿಗೆ ಬೋರ್ಡ್ ಬುಕ್, ಅಂದರೆ ದಪ್ಪ ರಟ್ಟಿನ ಹಾಳೆಯ ಪುಸ್ತಕ. ಅವರು ಅದನ್ನು ಕಚ್ಚುತ್ತಾರೆ, ಕಚ್ಚಲಿ. ಆ ವಯಸ್ಸಿನಲ್ಲಿ ಬಾಯಿಯೂ ಓದುವ ಅಂಗವೇ. ಮುಗಿದ ಮೇಲೆ ಒರೆಸಿಟ್ಟರಾಯಿತು.

ಗುಂಪಿಗೆ ತೋರಿಸುವ ಪುಸ್ತಕದ ಚಿತ್ರ ಹಿಂದೆ ಕೂತವರಿಗೂ ಕಾಣಬೇಕು. ಪುಟಕ್ಕೆ ಒಂದೆರಡು ಸಾಲು, ಮರಳಿ ಮರಳಿ ಬರುವ ಒಂದು ಮಾತು, ಜೊತೆಗೆ ಕೂಗಬಹುದಾದ ಸದ್ದು ಇದ್ದರೆ ಇನ್ನೂ ಒಳ್ಳೆಯದು. ಆದರೆ ಸುಲಭ ಪದಗಳೇ ಇರುವ ಪುಸ್ತಕ ಬೇಕು ಅಂತ ಹುಡುಕಬೇಡಿ. ಚಿತ್ರಪುಸ್ತಕದ ದೊಡ್ಡ ಉಪಕಾರವೇ ಮನೆಯ ಮಾತಿನಲ್ಲಿ ಬಾರದ ಪದಗಳನ್ನು ತರುವುದು. ಮಕ್ಕಳ ಜೊತೆ ನಾವು ಆಡುವ ಮಾತು ಹೆಚ್ಚಾಗಿ ಬಾ, ತಿನ್ನು, ಮಲಗು, ಬೇಡ ಇಷ್ಟರಲ್ಲೇ ಸುತ್ತುತ್ತದೆ. 2015ರಲ್ಲಿ ಮಾಂಟಾಗ್ ಮತ್ತು ಸಂಗಡಿಗರು ಎರಡನ್ನೂ ಹೋಲಿಸಿ ನೋಡಿದಾಗ, ದೊಡ್ಡವರು ಮಕ್ಕಳೊಂದಿಗೆ ಆಡುವ ಮಾತಿಗಿಂತ ಚಿತ್ರಪುಸ್ತಕಗಳಲ್ಲಿ ಬೇರೆ ಬೇರೆ ಪದಗಳು ಹೆಚ್ಚಿದ್ದವು. "ತಡಕಾಡು", "ಮಿಣುಕು", "ಕಂಗಾಲು" ಇಂಥ ಪದ ಬಂದರೆ ಬಿಟ್ಟು ಓದಬೇಡಿ. ಮುಖದಲ್ಲಿ, ಕೈಯಲ್ಲಿ ತೋರಿಸಿ ಮುಂದೆ ಹೋಗಿ.

ಅದೇ ಪುಸ್ತಕ ಮತ್ತೆ ಓದಬಹುದಾ ಅಂತ ಕೇಳುತ್ತಾರೆ. ಓದಲೇಬೇಕು. 2011ರಲ್ಲಿ ಹೋರ್ಸ್ಟ್ ಮತ್ತು ಸಂಗಡಿಗರು ಮೂರು ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನದಲ್ಲಿ, ಬೇರೆ ಬೇರೆ ಕಥೆ ಕೇಳಿದವರಿಗಿಂತ ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರು ಹೊಸ ಪದಗಳನ್ನು ಚೆನ್ನಾಗಿ ಕಲಿತರು. ನಿಮಗೆ ಬೇಜಾರಾದರೂ ಮಗುವಿಗೆ ಆಗಿರುವುದಿಲ್ಲ. ಮೂರು ನಾಲ್ಕು ವಾರ ಒಂದು ಪುಸ್ತಕ ಉಳಿಸಿಕೊಳ್ಳಿ.

ಪದಗಳೇ ಇಲ್ಲದ ಚಿತ್ರಪುಸ್ತಕ ಒಂದೆರಡು ಇರಲೇಬೇಕು. ಓದಲು ಬಾರದ ಅಮ್ಮ, ಅಜ್ಜಿ, ತಾತ ಅದನ್ನು ಹಿಡಿದು ತಮ್ಮದೇ ಮಾತಿನಲ್ಲಿ ಕಥೆ ಹೇಳಬಹುದು. ಇದರಿಂದ ಎಷ್ಟು ಜನರ ಸಂಕೋಚ ಕಳೆಯುತ್ತದೆ ಅನ್ನುವುದನ್ನು ನೀವೇ ನೋಡುತ್ತೀರಿ.

4. ಒಂದು ಕ್ರಮ ಕಟ್ಟಿಕೊಳ್ಳಿ, ಬದಲಿಸಬೇಡಿ

ಮೂರರಿಂದ ಐದು ವರ್ಷದವರ ಅರ್ಧ ಗಂಟೆ ಹೀಗಿರಬಹುದು: ಪ್ರತಿ ಮಗುವಿನ ಹೆಸರು ಬರುವ ಸ್ವಾಗತದ ಹಾಡು, ಮೊದಲ ಕಥೆ (ಇರುವುದರಲ್ಲಿ ಉದ್ದದ್ದು), ಬೆರಳಾಟ, ಎದ್ದು ಕುಣಿಯುವ ಹಾಡು, ಚಿಕ್ಕ ಕಥೆ, ಬೀಳ್ಕೊಡುವ ಹಾಡು. ಉದ್ದದ ಕಥೆ ಮೊದಲೇ ಬರಲಿ. ಕೊನೆಗೆ ಇಟ್ಟರೆ ಯಾರ ಗಮನವೂ ಉಳಿದಿರುವುದಿಲ್ಲ.

ಆರಂಭದ ಹಾಡೂ ಮುಗಿಸುವ ಹಾಡೂ ವರ್ಷವಿಡೀ ಅದೇ. ಅಳುತ್ತಾ ಬಂದ ಮಗು ನಾಲ್ಕನೆಯ ವಾರಕ್ಕೆ ಆ ಹಾಡು ಕೇಳಿದ ಕೂಡಲೇ ಚಾಪೆಗೆ ಬಂದು ಕೂರುತ್ತದೆ. ಮುಂದೇನು ಅಂತ ಗೊತ್ತಿದ್ದರೆ ಮಕ್ಕಳಿಗೆ ಧೈರ್ಯ.

ಹಾಡು ಯಾಕೆ ಅಷ್ಟು ಮುಖ್ಯ ಅಂದರೆ, ಹಾಡುವಾಗ ಪದಗಳು ತುಂಡು ತುಂಡಾಗಿ, ಎಳೆದು ಬರುತ್ತವೆ. ಹಾವು–ಮಾವು, ಕಲ್ಲು–ಹಲ್ಲು ಅಂತ ಪ್ರಾಸ ಕೇಳಿ ಕೇಳಿ ಮಗುವಿನ ಕಿವಿ ಪದದೊಳಗಿನ ಸದ್ದುಗಳನ್ನು ಬಿಡಿಸಿಕೊಳ್ಳುತ್ತದೆ. ಇದಕ್ಕೆ ಧ್ವನಿ ಅರಿವು ಅನ್ನುತ್ತಾರೆ. ಮುಂದೆ ಅಕ್ಷರ ಕಲಿಯುವಾಗ ಇದೇ ಆಧಾರ. ನಿಮ್ಮ ದನಿ ಚೆನ್ನಾಗಿಲ್ಲ ಅಂತ ರೆಕಾರ್ಡ್ ಹಾಕಬೇಡಿ. ಫೋನಿನ ಹಾಡು ಮಗುವಿನ ವೇಗಕ್ಕೆ ನಿಧಾನಿಸುವುದಿಲ್ಲ. ಮತ್ತೆ, ನೀವು ಅಳುಕದೆ ಹಾಡಿದರೆ ಹಾಡಲು ಬಾರದ ಅಪ್ಪನಿಗೂ ಧೈರ್ಯ ಬರುತ್ತದೆ.

5. ಓದುವುದು ಹೇಗೆ?

ಜನ ಎಡವುವುದು ಇಲ್ಲೇ ಜಾಸ್ತಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಡಗಡ ಓದಿ, "ಕಥೆಯ ನೀತಿ ಏನು?" ಅಂತ ಕೇಳಿ ಮುಗಿಸುತ್ತಾರೆ. ನೀತಿ ಕೇಳಬೇಡಿ, ದಯವಿಟ್ಟು. ಕಥೆಯಲ್ಲಿ ಮುಳುಗಿದ್ದ ಮಗುವಿಗೆ ಅದು ಪರೀಕ್ಷೆಯ ಹಾಗೆ ಕೇಳಿಸುತ್ತದೆ.

ಬದಲಿಗೆ ಸಂವಾದದ ಓದು ಕಲಿಯಿರಿ. ಅಂದರೆ ದೊಡ್ಡವರು ಕೇಳುತ್ತಾ, ಮಗುವೇ ಕಥೆ ಹೇಳುವಂತೆ ಮಾಡುವ ಓದು. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಇದರ ಬಗ್ಗೆ ಬರೆದರು. ಎರಡು ವರ್ಷದ ಆಸುಪಾಸಿನ ಮಕ್ಕಳ ಮನೆಗಳನ್ನು ಎರಡು ಗುಂಪು ಮಾಡಿದ್ದರು. ಎರಡೂ ಗುಂಪಿನವರು ಮಕ್ಕಳಿಗೆ ಓದುತ್ತಿದ್ದರು. ಒಂದು ಗುಂಪಿಗೆ ಮಾತ್ರ ಓದುವ ಬಗೆಯನ್ನು ಹೇಳಿಕೊಟ್ಟಿದ್ದರು. ಒಂದು ತಿಂಗಳ ಬಳಿಕ ಆ ಮನೆಗಳ ಮಕ್ಕಳು ಮಾತಿನಲ್ಲಿ ಮುಂದಿದ್ದರು. ಓದುವುದೊಂದೇ ಸಾಲದು, ಓದುವಾಗ ಮಗುವಿಗೆ ಬಾಯಿ ಬಿಡುವ ಜಾಗ ಸಿಗಬೇಕು.

ಇದರಲ್ಲಿ ನಾಲ್ಕು ಹೆಜ್ಜೆ: ಕೇಳಿ, ಒಪ್ಪಿ, ಬೆಳೆಸಿ, ಮತ್ತೆ ಹೇಳಿಸಿ. ಚಿತ್ರದಲ್ಲಿ ನಾಯಿ ಓಡುತ್ತಿದೆ ಅಂದುಕೊಳ್ಳಿ.

"ಇಲ್ಲಿ ಏನಾಗ್ತಾ ಇದೆ?"
"ಬೌ ಬೌ!"
"ಹೌದು, ಬೌ ಬೌ ನಾಯಿ! ಕಪ್ಪು ನಾಯಿ ಓಡ್ತಾ ಇದೆ."
"ಕಪ್ಪು ನಾಯಿ ಏನು ಮಾಡ್ತಾ ಇದೆ ಹೇಳು?"
"ನಾಯಿ ಓಡ್ತಿದೆ."

ಮಗುವಿನ ಒಂದು ಪದಕ್ಕೆ ನೀವು ಎರಡು ಪದ ಸೇರಿಸಿದಿರಿ, ಅಷ್ಟೇ. "ಬೌ ಬೌ ಅಲ್ಲ, ನಾಯಿ ಅನ್ನು" ಅಂತ ತಿದ್ದಲಿಲ್ಲ ನೋಡಿ. ತಿದ್ದಿದರೆ ಮಗು ಮುಂದಿನ ಸಲ ಸುಮ್ನೆ ಕೂರುತ್ತದೆ.

ಕೇಳಿದ ಮೇಲೆ ಕಾಯಿರಿ. ಮನಸ್ಸಲ್ಲೇ ಐದು ಎಣಿಸಿ. ದೊಡ್ಡವರಿಗೆ ಆ ಮೌನ ತುಂಬಾ ಉದ್ದ ಅನ್ನಿಸಿ ತಾವೇ ಉತ್ತರ ಹೇಳಿಬಿಡುತ್ತಾರೆ. ಪುಟ್ಟ ಮಗುವಿಗೆ ಪ್ರಶ್ನೆ ಅರ್ಥ ಮಾಡಿಕೊಂಡು, ಪದ ಹುಡುಕಿ, ಬಾಯಿಗೆ ತರಲು ಆ ಐದು ಎಣಿಕೆ ಬೇಕು. ಮಾತು ಬಾರದ ಪಾಪು ಬೆರಳು ತೋರಿಸಿದರೆ, ಕೈಕಾಲು ಬಡಿದರೆ ಅದೂ ಉತ್ತರವೇ. ಅದಕ್ಕೆ ನೀವು ಮಾತಿನಲ್ಲಿ ಮರುತ್ತರ ಕೊಡಿ.

ಒಂದು ಎಚ್ಚರ. ಪುಟಪುಟಕ್ಕೂ ಪ್ರಶ್ನೆ ಕೇಳಿದರೆ ಕಥೆಯೇ ಸಾಯುತ್ತದೆ. ಗುಂಪಿನಲ್ಲಿ ಓದುವಾಗ ಇಡೀ ಪುಸ್ತಕಕ್ಕೆ ಮೂರು ನಾಲ್ಕು ಕಡೆ ನಿಲ್ಲಿಸಿದರೆ ಸಾಕು. "ಇದು ಯಾವ ಬಣ್ಣ, ಎಷ್ಟು ಹಕ್ಕಿ?" ಅನ್ನುವ ಸರಿ ತಪ್ಪಿನ ಪ್ರಶ್ನೆಗಿಂತ "ಇವನಿಗೆ ಯಾಕೆ ಅಳು ಬಂತು?" ಅನ್ನುವ ಪ್ರಶ್ನೆ ಒಳ್ಳೆಯದು.

ಮಕ್ಕಳು ಎದ್ದು ಓಡಾಡಿದರೆ? ಓಡಾಡಲಿ. ಬೆನ್ನು ತಿರುಗಿಸಿ ಆಡುತ್ತಿರುವ ಮಗುವೂ ಕೇಳಿಸಿಕೊಳ್ಳುತ್ತಿರುತ್ತದೆ. ಇದನ್ನು ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ. ಇಲ್ಲದಿದ್ದರೆ ಓಡಾಡುವ ಮಗುವಿನ ಅಮ್ಮ ನಾಚಿಕೊಂಡು ಮುಂದಿನ ವಾರ ಬರುವುದಿಲ್ಲ. ನಿಜ ಹೇಳಬೇಕೆಂದರೆ ಕಥಾ ಸಮಯ ಅವರಿಗೇ ಹೆಚ್ಚು ಬೇಕಿರುತ್ತದೆ.

6. ಅಪ್ಪ ಅಮ್ಮಂದಿರಿಗೆ ಏನು ಹೇಳಬೇಕು, ಹೇಗೆ?

"ಮಕ್ಕಳನ್ನು ಬಿಟ್ಟು ಹೋಗಬಹುದಾ?" ಅನ್ನುವ ಪ್ರಶ್ನೆಗೆ ಉತ್ತರ ಬೇಡ ಅಂತಲೇ ಇರಲಿ. ಇದು ಮಗುವಿನ ಸುರಕ್ಷತೆಯ ದೃಷ್ಟಿಯಿಂದಲೂ ಸರಿ. ಯಾವ ಮಗುವಿನ ಜೊತೆಗೂ ಕಾರ್ಯಕರ್ತರು ಒಬ್ಬರೇ ಉಳಿಯುವ ಸಂದರ್ಭ ಬರಬಾರದು. ದೊಡ್ಡವರಿಗೆ ಹಿಂದೆ ಕುರ್ಚಿ ಹಾಕಬೇಡಿ. ಕುರ್ಚಿ ಹಾಕಿದರೆ ಅವರು ಪ್ರೇಕ್ಷಕರಾಗುತ್ತಾರೆ, ಕೈಗೆ ಫೋನು ಬರುತ್ತದೆ. ಎಲ್ಲರೂ ಚಾಪೆಯ ಮೇಲೆ, ಮಗುವಿನ ಪಕ್ಕದಲ್ಲಿ. ಮಂಡಿ ನೋವಿನವರಿಗೆ, ಗರ್ಭಿಣಿಯರಿಗೆ ಕುರ್ಚಿಯನ್ನು ವೃತ್ತದ ಒಳಗೇ ಹಾಕಿ.

ಪ್ರತಿ ವಾರ ನಡುವೆ ಒಂದೇ ಒಂದು ಮಾತು ಅವರಿಗೆ ಹೇಳಿ. ಇಪ್ಪತ್ತು ಸೆಕೆಂಡು ಮೀರಬಾರದು, ಈಗಷ್ಟೇ ಮಾಡಿದ ಕೆಲಸಕ್ಕೆ ಅಂಟಿಕೊಂಡಿರಬೇಕು. "ಈಗ ಪ್ರಶ್ನೆ ಕೇಳಿ ಐದು ಎಣಿಸಿದೆವಲ್ಲ, ಸ್ನಾನ ಮಾಡಿಸುವಾಗಲೂ ಹಾಗೇ ಮಾಡಿ ನೋಡಿ." ಇಷ್ಟೇ. ಭಾಷಣ ಮಾಡಿದರೆ ಮಕ್ಕಳೂ ಕೈತಪ್ಪುತ್ತಾರೆ, ದೊಡ್ಡವರೂ ಕೈತಪ್ಪುತ್ತಾರೆ.

ಏನು ಹೇಳುವುದು ಅಂತ ತೋಚದಿದ್ದರೆ ಐದು ಪದ ನೆನಪಿಡಿ: ಮಾತು, ಹಾಡು, ಓದು, ಬರಹ, ಆಟ. ಅಮೆರಿಕದ ಲೈಬ್ರರಿ ಸಂಘಗಳು ರೂಪಿಸಿದ "ಎವ್ರಿ ಚೈಲ್ಡ್ ರೆಡಿ ಟು ರೀಡ್" ಕಾರ್ಯಕ್ರಮದ 2011ರ ಆವೃತ್ತಿ ಈ ಐದರ ಮೇಲೇ ನಿಂತಿದೆ. ಬರಹ ಅಂದರೆ ಅಕ್ಷರ ತಿದ್ದಿಸುವುದಲ್ಲ. ಗೀಚುವುದು, ಹಿಟ್ಟಿನಲ್ಲಿ ಬೆರಳಾಡಿಸುವುದು, ಅಂಟಿಸುವುದು. ವಾರಕ್ಕೊಂದು ಎತ್ತಿಕೊಂಡರೆ ಐದು ವಾರಕ್ಕೆ ಒಂದು ಸುತ್ತು.

ಕೆಲವು ಆತಂಕಗಳು ಎಲ್ಲೆಡೆ ಬರುತ್ತವೆ. ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗುವಿನ ಮಾತು ತಡವಾಗುತ್ತದಾ? ಇಲ್ಲ, ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತಮಗೆ ಸಲೀಸಾದ ಭಾಷೆಯಲ್ಲೇ ಧಾರಾಳವಾಗಿ ಮಾತಾಡಲು ಹೇಳಿ. ಫೋನಿನಲ್ಲಿ ಕಥೆ ಹಾಕಿದರೆ ಆಗಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಅಂದಿದೆ. ಆದರೆ ಇದನ್ನು ಗದರುವ ದನಿಯಲ್ಲಿ ಹೇಳಬೇಡಿ. ದಿನವಿಡೀ ದುಡಿದು, ಅಡುಗೆಯ ಹೊತ್ತಿಗೆ ಮಗುವಿನ ಕೈಗೆ ಫೋನು ಕೊಟ್ಟ ಅಮ್ಮ ಈಗಾಗಲೇ ತನ್ನನ್ನು ತಾನೇ ಬೈದುಕೊಂಡಿರುತ್ತಾಳೆ. ಅಡುಗೆ ಮಾಡುತ್ತಲೇ ಹಾಡಬಹುದಾದ ಒಂದು ಹಾಡು ಕಲಿಸಿ ಕಳಿಸಿ.

7. ಮುಗಿದ ಮೇಲಿನ ಕಾಲು ಗಂಟೆ

ಕಥೆ ಮುಗಿದ ತಕ್ಷಣ ಚಾಪೆ ಮಡಚಬೇಡಿ. ಈಗ ಆಟಿಕೆಯ ಬಟ್ಟೆ ತೆಗೆಯಿರಿ, ಪುಸ್ತಕಗಳನ್ನು ನೆಲದ ಮೇಲೆ ಹರಡಿ, ನೀವು ಬದಿಗೆ ಸರಿಯಿರಿ. ಮಕ್ಕಳು ಆಡುತ್ತಾರೆ, ದೊಡ್ಡವರು ಮಾತಿಗೆ ಕೂರುತ್ತಾರೆ. ನಿದ್ದೆ, ಹಲ್ಲು, ಹಟ, ಊಟ ಎಲ್ಲ ಅಲ್ಲಿ ಬರುತ್ತದೆ. ತನ್ನ ಮಗು ಮಾತ್ರ ಹೀಗೆ ಅಂದುಕೊಂಡು ಕೊರಗುತ್ತಿದ್ದವರಿಗೆ ಎಲ್ಲರ ಮನೆಯಲ್ಲೂ ಹೀಗೇ ಅಂತ ಗೊತ್ತಾಗುವುದು ಈ ಕಾಲು ಗಂಟೆಯಲ್ಲಿ.

ಹೊಸ ತಾಯಂದಿರನ್ನು ವಿಶೇಷವಾಗಿ ಗಮನಿಸಿ. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ, ಹೆಚ್ಚಾಗಿ ಎರಡು ವಾರದೊಳಗೆ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ದಿನ ದುಃಖ, ನಿರಾಸೆ, ಮಗುವಿನ ಮೇಲೆ ಮನಸ್ಸೇ ಇಲ್ಲದ ಹಾಗಾಗುವುದು ಮುಂದುವರಿದರೆ ಅದು ಚಿಕಿತ್ಸೆ ಇರುವ ಕಾಯಿಲೆ, ತಾಯಿಯ ತಪ್ಪಲ್ಲ. ಡಾಕ್ಟರ ಬಳಿ ಹೋಗಲು ಹೇಳಿ. ತನಗೇ ಏನಾದರೂ ಮಾಡಿಕೊಳ್ಳುವ, ಮಗುವಿಗೆ ತೊಂದರೆ ಮಾಡುವ ಯೋಚನೆ ಬರುತ್ತಿದೆ ಅಂದರೆ ಅದೇ ದಿನ ಯಾರಾದರೂ ಜೊತೆಗೆ ಹೋಗಬೇಕು, ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬಾರದು.

8. ಮಗುವಿನ ಬೆಳವಣಿಗೆಯಲ್ಲಿ ಏನೋ ಸಂದೇಹ ಬಂದರೆ

ವಾರ ವಾರ ನೋಡುವುದರಿಂದ ಕೆಲವು ವಿಷಯ ನಿಮ್ಮ ಕಣ್ಣಿಗೆ ಬೀಳುತ್ತವೆ. ಒಂದು ವರ್ಷವಾದರೂ ತೊದಲದಿರುವುದು, ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷ ಸಮೀಪಿಸಿದರೂ ಒಂದು ಪದವೂ ಇಲ್ಲದಿರುವುದು, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿರುವುದು, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ನಿಂತುಹೋಗುವುದು. ಇವುಗಳಲ್ಲಿ ಯಾವುದಿದ್ದರೂ ಮಕ್ಕಳ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಕಿವಿ ಪರೀಕ್ಷೆಯೂ ಆಗಬೇಕು.

ನೀವು ಕಾಯಿಲೆಯ ಹೆಸರು ಹೇಳಬೇಡಿ. ಎಲ್ಲರೆದುರು ಕೇಳಬೇಡಿ. ಬೇರೆಯಾಗಿ ಕರೆದು, "ನಿಮಗೆ ಮಗುವಿನ ಮಾತಿನ ಬಗ್ಗೆ ಏನನ್ನಿಸುತ್ತದೆ?" ಅಂತ ಶುರು ಮಾಡಿ. ಹೆಚ್ಚಿನ ಸಲ ಅವರ ಮನಸ್ಸಲ್ಲೂ ಅದೇ ಕೊರೆಯುತ್ತಿರುತ್ತದೆ. "ಸ್ವಲ್ಪ ದಿನ ನೋಡೋಣ, ತಾನಾಗಿ ಬರುತ್ತೆ" ಅನ್ನುವ ಸಮಾಧಾನ ಮಾತ್ರ ಹೇಳಬೇಡಿ. ಬೇಗ ತೋರಿಸಿದಷ್ಟೂ ಮಗುವಿಗೆ ಲಾಭ. ತೋರಿಸಿದ ಮೇಲೂ ಆ ಮಗು ಕಥಾ ಸಮಯಕ್ಕೆ ಬರುತ್ತಲೇ ಇರಲಿ. ಜೋರು ಸದ್ದು ಆಗದ ಮಕ್ಕಳಿಗೆ ಬಾಗಿಲ ಹತ್ತಿರ ಜಾಗ ಬಿಡಿ.

9. ಜನ ಬರುವಂತೆ ಮಾಡುವುದು, ನಡೆಸಿಕೊಂಡು ಹೋಗುವುದು

ಪೋಸ್ಟರಿನಿಂದ ಬರುವವರು ಈಗಾಗಲೇ ಮನೆಯಲ್ಲಿ ಪುಸ್ತಕ ಇರುವವರು. ಉಳಿದವರನ್ನು ತಲುಪಬೇಕಾದರೆ ಅವರು ಹೇಗೂ ಹೋಗುವ ಕಡೆ ನೀವು ಹೋಗಬೇಕು. ಲಸಿಕೆ ಹಾಕುವ ಆಸ್ಪತ್ರೆ ಅಂಥ ಒಂದು ಜಾಗ. 1989ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ "ರೀಚ್ ಔಟ್ ಅಂಡ್ ರೀಡ್" ಇದೇ ದಾರಿ ಹಿಡಿಯಿತು: ತಪಾಸಣೆಗೆ ಬಂದ ಮಗುವಿಗೆ ಡಾಕ್ಟರೇ ಪುಸ್ತಕ ಕೊಟ್ಟು, ಹೇಗೆ ಓದಬೇಕು ಅಂತ ತೋರಿಸಿ ಕಳಿಸುವುದು. 1992ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ "ಬುಕ್‌ಸ್ಟಾರ್ಟ್" ಕೂಡ ಪಾಪುಗಳ ಮನೆಗೇ ಪುಸ್ತಕ ಮುಟ್ಟಿಸುವ ಕೆಲಸ. ನಿಮಗೆ ಪುಸ್ತಕ ಹಂಚಲು ಆಗದಿರಬಹುದು. ಕಥಾ ಸಮಯದ ದಿನ, ಹೊತ್ತು ಬರೆದ ಚೀಟಿಯನ್ನು ನರ್ಸ್ ಕೈಯಿಂದ ಕೊಡಿಸಬಹುದು. ಗುರುತಿನವರು ಹೇಳಿದರೆ ಜನ ಬರುತ್ತಾರೆ.

ಫೋಟೊ ತೆಗೆಯುವ ಮೊದಲು ಪ್ರತಿಯೊಬ್ಬರ ಒಪ್ಪಿಗೆ ಕೇಳಿ. ಬೇಡ ಅಂದವರ ಮಗುವಿನ ಮುಖ ಎಲ್ಲೂ ಬಾರದಂತೆ ನೋಡಿಕೊಳ್ಳಿ. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಬೇಡಿ. ಪುಟ್ಟ ಮಗುವನ್ನು ಹೊರಡಿಸಿಕೊಂಡು ಬಂದಿದ್ದಾರಲ್ಲ, ಅದೇ ದೊಡ್ಡದು. ಮಗು ಸುಮ್ಮನೆ ಕೂತಿದ್ದಕ್ಕೆ ಸಿಹಿ ಬಹುಮಾನ ಕೊಡುವ ಅಭ್ಯಾಸವನ್ನೂ ಹಚ್ಚಬೇಡಿ.

ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ತಲೆ ಎಣಿಸಿದರೆ ಸಾಲದು. ತಿಂಗಳಿಗೊಮ್ಮೆ ಎರಡು ಪ್ರಶ್ನೆ ಕೇಳಿ: ಇಲ್ಲಿನ ಯಾವ ಹಾಡನ್ನು ಮನೆಯಲ್ಲಿ ಹಾಡಿದಿರಿ? ಮಗು ಯಾವ ಕಥೆ ಮತ್ತೆ ಕೇಳಿತು? ಉತ್ತರ ಬರದಿದ್ದರೆ ನಿಮ್ಮ ಕಾರ್ಯಕ್ರಮ ಚೆನ್ನಾಗಿ ಕಾಣುತ್ತಿದೆ, ಆದರೆ ಮನೆ ತಲುಪುತ್ತಿಲ್ಲ. ಆಗ ಹಾಡುಗಳ ಸಂಖ್ಯೆ ಅರ್ಧ ಮಾಡಿ, ಉಳಿದವನ್ನು ಎರಡೆರಡು ಸಲ ಹಾಡಿ, ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಓದಲು ಬಾರದವರಿಗೆ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಅವರು ಕೇಳಿ ಕಲಿತು ತಾವೇ ಹಾಡಲಿ.

ಮೊದಲ ಕೆಲವು ವಾರ ಬರುವವರು ಕಡಿಮೆ. ಒಂದೇ ಮಗು ಬಂದರೂ ರದ್ದು ಮಾಡಬೇಡಿ. ಸ್ವಾಗತದ ಹಾಡಿನಿಂದ ಬೀಳ್ಕೊಡುವ ಹಾಡಿನವರೆಗೆ ಪೂರ್ತಿ ನಡೆಸಿ, ಎರಡನೆಯ ಕಥೆಯನ್ನು ಮಾತ್ರ ಜೊತೆಗೆ ಬಂದ ಅಮ್ಮನ ಕೈಗೆ ಕೊಟ್ಟು ಓದಿಸಿ.